ಬಾಣಂತಿ ಏನು ಉಂಡಳು?

ಕೂಸು ಅಳುತ್ತಿದೆ, ಸದ್ದು ಮಾತ್ರ ಇಲ್ಲ. ಬಾಯಿ ತೆರೆದಿದೆ, ಮುಖ ಕೆಂಪೇರಿದೆ, ಹೊಟ್ಟೆ ಬಿಗಿದುಕೊಂಡಿದೆ, ದನಿ ಹೊರಡುತ್ತಿಲ್ಲ. ಮೂರು ತಿಂಗಳ ಮಗು. ಮೊನ್ನೆಯವರೆಗೆ ಮೈಕೈ ತುಂಬಿಕೊಂಡು ಕಾಲು ಬಡಿಯುತ್ತ ಆಡುತ್ತಿತ್ತು. ನಿನ್ನೆಯಿಂದ ಮೊಲೆ ಹಿಡಿಯುತ್ತಿಲ್ಲ, ಕುಡಿದಷ್ಟನ್ನೂ ಕಕ್ಕುತ್ತಿದೆ, ಪಕ್ಕೆ ಸೆಳೆಯುತ್ತಿದೆ. ಊರಲ್ಲಿ ಕಫ ಎಂದರು. ತಾಲ್ಲೂಕಿನಲ್ಲಿ ನ್ಯುಮೋನಿಯಾ ಇರಬಹುದು ಎಂದರು. ಕೊನೆಗೆ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಅಲ್ಲಿ ಎಕೋ ಮಾಡಿದಾಗ ಕಂಡದ್ದೇ ಬೇರೆ: ಹೃದಯದ ಬಲಭಾಗ ಉಬ್ಬಿಹೋಗಿದೆ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ವಿಪರೀತ ಒತ್ತಡ. ಹುಟ್ಟಿನಿಂದ ಬಂದ ತೂತಿಲ್ಲ, ಕವಾಟದ ದೋಷವಿಲ್ಲ. ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದ ಹೃದಯ ಇವತ್ತು ಹೀಗೇಕೆ?

ಈ ಹಂತದಲ್ಲಿ ಬಲ್ಲ ಮಕ್ಕಳ ವೈದ್ಯರು ಯಂತ್ರದಿಂದ ಕಣ್ಣು ತೆಗೆದು, ಮೂಲೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕುಳಿತ ತಾಯಿಯ ಕಡೆ ತಿರುಗುತ್ತಾರೆ. ‘ಊಟಕ್ಕೆ ಏನಮ್ಮ ಕೊಡ್ತಾರೆ ನಿಂಗೆ?’

ತಾಯಿ ತಲೆ ತಗ್ಗಿಸುತ್ತಾಳೆ. ಉತ್ತರ ಬರುವುದು ಪಕ್ಕದಲ್ಲಿರುವ ಅಜ್ಜಿಯಿಂದ. ಬಿಳಿ ಅನ್ನ, ಬೆಳ್ಳುಳ್ಳಿ, ಮೆಣಸಿನ ಖಾರ, ತುಪ್ಪ. ಅಷ್ಟೇ. ಮೂರು ತಿಂಗಳಿಂದ ಅಷ್ಟೇ.

ಈ ಉತ್ತರದಲ್ಲಿ ರೋಗದ ಹೆಸರಿದೆ. ಬಿ1 ಜೀವಸತ್ವ, ಅಂದರೆ ಥಯಾಮಿನ್, ಕಡಿಮೆಯಾಗಿ ಬರುವ ಎಳೆಮಕ್ಕಳ ಬೆರಿಬೆರಿ. ರಕ್ತನಾಳಕ್ಕೆ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನದೊಳಗೆ ಹೃದಯ ತನ್ನ ಅಳತೆಗೆ ಮರಳುತ್ತದೆ, ಮಗು ಮೊಲೆ ಹಿಡಿಯುತ್ತದೆ, ಹೋದ ದನಿ ಬರುತ್ತದೆ. ಮಕ್ಕಳ ವೈದ್ಯಶಾಸ್ತ್ರದಲ್ಲಿ ಇಷ್ಟು ಬೇಗ, ಇಷ್ಟು ಅಗ್ಗದ ಔಷಧಿಗೆ ಸಾವಿನ ಬಾಯಿಂದ ಮಗು ವಾಪಸ್ಸಾಗುವ ಸಂದರ್ಭಗಳು ಬಹಳ ಇಲ್ಲ.

ಇದನ್ನು ಪುಸ್ತಕದ ಮಾತೆಂದು ಹೇಳುತ್ತಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ವಿಭಾಗದ ಉಷಾ ಎಂ.ಕೆ. ಶಾಸ್ತ್ರಿ, ಎಂ. ಜಯರಂಗನಾಥ್ ಮತ್ತು ಅವರ ಸಂಗಡಿಗರು ಇಂಥ 200ಕ್ಕೂ ಹೆಚ್ಚು ಶಿಶುಗಳನ್ನು ಸಾಲಾಗಿ ಗಮನಿಸಿ, ದಾಖಲಿಸಿ, 2021ರಲ್ಲಿ ‘ಆರ್ಕೈವ್ಸ್ ಆಫ್ ಡಿಸೀಸ್ ಇನ್ ಚೈಲ್ಡ್‌ಹುಡ್’ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಕ್ಕಳ ವಯಸ್ಸು ಮೂರು ತಿಂಗಳ ಆಸುಪಾಸು. ಎಲ್ಲವೂ ಬರೀ ಎದೆಹಾಲು ಕುಡಿಯುತ್ತಿದ್ದ ಕೂಸುಗಳು. ಏದುಸಿರು, ವಾಂತಿ, ಹಾಲು ಕುಡಿಯದಿರುವುದು, ದನಿ ಕಟ್ಟುವುದು ಇವೇ ಲಕ್ಷಣಗಳು. ತಾಯಂದಿರ ಊಟ ಪಾಲಿಶ್ ಮಾಡಿದ ಅಕ್ಕಿ, ಅದರ ಮೇಲೆ ಬಾಣಂತನದ ಪಥ್ಯ.

ಹೃದ್ರೋಗ ಸಂಸ್ಥೆಯೊಂದರಲ್ಲಿ ಕುಳಿತ ತಜ್ಞರು ಅಡುಗೆಮನೆಯ ಬಾಗಿಲು ತಟ್ಟಿದ್ದೇ ಈ ಸಂಶೋಧನೆಯ ಹೆಚ್ಚುಗಾರಿಕೆ ಎಂದು ನನಗನ್ನಿಸುತ್ತದೆ. ಎದೆಹಾಲಷ್ಟೇ ಕುಡಿಯುವ ಮಗು ತಿನ್ನುವುದೆಲ್ಲ ತಾಯಿ ತಿಂದದ್ದನ್ನೇ. ಆದ್ದರಿಂದ ಮೂರು ತಿಂಗಳ ಕೂಸಿನ ಹೃದಯ ಪರೀಕ್ಷೆ ತಾಯಿಯ ತಟ್ಟೆಯಿಂದಲೇ ಶುರುವಾಗಬೇಕು.

*

ಈ ತಟ್ಟೆಯ ಪ್ರಶ್ನೆಯನ್ನು ಕರ್ನಾಟಕ, ಆಂಧ್ರಗಳ ಗಡಿಗೆ ಒಯ್ದು ನೋಡೋಣ. ರಾಯದುರ್ಗ, ಮಡಕಶಿರಾ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಬಸ್ಸಿನ ಬೋರ್ಡಿನ ಹೆಸರುಗಳು. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಹುಟ್ಟಿದ ದಿನ ಆದವಾನಿ, ಆಲೂರುಗಳ ಜತೆ ಅದೂ ಆಚೆ ಹೋಯಿತು. ಬಳ್ಳಾರಿ ಈಚೆ ಉಳಿಯಿತು. ಮಡಕಶಿರಾ ಇನ್ನೊಂದು ಬಗೆ. ಶಿರಾ, ಮಧುಗಿರಿ, ಪಾವಗಡಗಳ ನಡುವೆ ಕರ್ನಾಟಕದ ಮಡಿಲಿಗೆ ಚಾಚಿಕೊಂಡ ನೆಲ. ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಮನೆಮಾತು ಕನ್ನಡ. ನೊಳಂಬರು ಆಳಿದ ಹೆಂಜೇರು, ಇವತ್ತಿನ ಹೇಮಾವತಿ, ಇಲ್ಲೇ ಇದೆ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕಾಗದದ ಮೇಲೆ ಗೆರೆಗಳು ಎಷ್ಟು ಸಲ ಬದಲಾದರೂ ಮದುವೆ ಸಂಬಂಧ, ಸಂತೆ, ಆಸ್ಪತ್ರೆಗಳ ದಾರಿ ಹಳೆಯದೇ. ರಾಯದುರ್ಗದವರಿಗೆ ಕಾಯಿಲೆ ಜೋರಾದರೆ ಬಳ್ಳಾರಿ. ಮಡಕಶಿರಾದವರಿಗೆ ಹಿಂದೂಪುರ, ತುಮಕೂರು, ಬೆಂಗಳೂರು.

ಇದು ಮಳೆ ಕಡಿಮೆಯ ನೆಲ. ಮಡಕಶಿರಾ ಬದಿಯಲ್ಲಿ ಕಡ್ಲೆಕಾಯಿ ಎನ್ನುವುದನ್ನೇ ರಾಯದುರ್ಗದ ಬದಿಯಲ್ಲಿ ಶೇಂಗಾ ಎನ್ನುತ್ತಾರೆ. ಎರಡೂ ಕಡೆ ಹೊಲದ ತುಂಬ ಅದೇ. ಒಂದು ಕಡೆ ರಾಗಿಮುದ್ದೆ, ಇನ್ನೊಂದು ಕಡೆ ಜೋಳದ ರೊಟ್ಟಿ, ನವಣೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 1971ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕ ತೆಗೆದು ನೋಡಿ. ನೂರು ಗ್ರಾಂ ರಾಗಿಯಲ್ಲಿ 0.42 ಮಿಲಿಗ್ರಾಂ ಥಯಾಮಿನ್. ಜೋಳದಲ್ಲಿ 0.37. ಕಡ್ಲೆಕಾಯಿ ಬೀಜದಲ್ಲಿ 0.90. ಮಿಲ್ಲಿನಲ್ಲಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ ಬರೀ 0.06. ಈ ಸೀಮೆಯ ಬಡವರ ಹೊಲದಲ್ಲಿ, ಬಡವರ ಮಡಕೆಯಲ್ಲಿ, ಬಿ1 ಬೇಕಾದಷ್ಟಿತ್ತು.

ಹಾಗಿದ್ದ ಮೇಲೆ ಇಂಥ ಸೀಮೆಯ ಬಾಣಂತಿಗೆ ಅದು ಕಡಿಮೆಯಾಗುವುದು ಹೇಗೆ?

ಬಾಣಂತಿ ಕೋಣೆಗೆ ಹೋಗಿ ನೋಡಬೇಕು. ಬಾಗಿಲಿಗೆ ಬೇವಿನಸೊಪ್ಪು, ಒಳಗೆ ಧೂಪದ ಹೊಗೆ, ಕಿಟಕಿ ಮುಚ್ಚಿದೆ. ನುಲಿಮಂಚದ ಕೆಳಗೆ ಕೆಂಡದ ಬಾಣಲೆ. ತಾಯಿಗೆ ಹೊತ್ತು ಹೊತ್ತಿಗೆ ಊಟ ಬರುತ್ತದೆ, ಯಾರೂ ಅವಳನ್ನು ಹಸಿದಿಡುವುದಿಲ್ಲ. ಸ್ಟೀಲ್ ತಟ್ಟೆಯಲ್ಲಿ ಗಂಜಿ ಬಸಿದ ಬಿಳಿ ಅನ್ನ, ನಡುವೆ ಗುಳಿ ಮಾಡಿ ತುಪ್ಪ, ಪಕ್ಕದಲ್ಲಿ ಬೆಳ್ಳುಳ್ಳಿ ಹುರಿದು ಕುಟ್ಟಿದ ಖಾರ. ಇನ್ನೇನೂ ಇಲ್ಲ. ಕೇಳಿದರೆ ಪ್ರತಿಯೊಂದಕ್ಕೂ ಕಾರಣ ಸಿದ್ಧವಿದೆ. ಸೊಪ್ಪು ತಿಂದರೆ ಕೂಸಿಗೆ ಹಸಿರು ಭೇದಿ. ಬೇಳೆ ವಾಯು. ಬದನೆಕಾಯಿ ನಂಜು. ಕಡ್ಲೆಕಾಯಿ ಪಿತ್ತ. ಮುದ್ದೆ ಅರಗುವುದಿಲ್ಲ. ಹಣ್ಣು ಶೀತ. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ. ಒಂದೊಂದನ್ನೇ ತೆಗೆಯುತ್ತ ಹೋದರೆ ತಟ್ಟೆಯಲ್ಲಿ ಉಳಿಯುವುದು ಅನ್ನ ಒಂದೇ. ಕೆಲವು ಮನೆಗಳಲ್ಲಿ ಇದು ನಲವತ್ತು ದಿನ, ಕೆಲವು ಮನೆಗಳಲ್ಲಿ ಮೂರು ತಿಂಗಳು, ಚೊಚ್ಚಲಾದರೆ ಐದು ತಿಂಗಳು.

ಥಯಾಮಿನ್ನನ್ನು ಮೈ ಬಹಳ ದಿನ ಕೂಡಿಟ್ಟುಕೊಳ್ಳುವುದಿಲ್ಲ. ಊಟದಲ್ಲಿ ಬರದಿದ್ದರೆ ಎರಡು ಮೂರು ವಾರದಲ್ಲಿ ದಾಸ್ತಾನು ಖಾಲಿ. ಅದು ಇರುವುದು ಅಕ್ಕಿಯ ತೌಡಿನಲ್ಲಿ. ಮಿಲ್ಲು ಅದನ್ನು ಉಜ್ಜಿ ತೆಗೆಯುತ್ತದೆ. ಉಳಿದ ಚೂರುಪಾರು ನೀರಿನಲ್ಲಿ ಕರಗುವಂಥದ್ದು; ಮೂರು ಸಲ ತೊಳೆದಾಗ ಅಷ್ಟು, ಗಂಜಿ ಬಸಿದಾಗ ಇನ್ನಷ್ಟು ಹೋಗುತ್ತದೆ. ತಾಯಿಗೆ ಕೈಕಾಲು ಜೋಮು ಹಿಡಿಯುತ್ತದೆ, ಪಾದ ಉರಿಯುತ್ತದೆ. ಬಾಣಂತನದ ಸುಸ್ತು ಎಂದು ಅವಳೂ ಸುಮ್ಮನಾಗುತ್ತಾಳೆ. ಹೊರಗಿನಿಂದ ಅವಳು ಚೆನ್ನಾಗಿಯೇ ಕಾಣುತ್ತಾಳೆ, ಹಾಲೂ ಧಾರಾಳ. ಹಾಲಿನಲ್ಲಿ ಆ ಒಂದು ಸತ್ವ ಮಾತ್ರ ಇಲ್ಲ. ಬೆಳೆಯುವ ಕೂಸಿನ ಹೃದಯ ಬಡಿಯಲು ಅದು ಬೇಕೇ ಬೇಕು. ಆದ್ದರಿಂದ ಮೊದಲು ಸೋಲುವುದು ಕೂಸು.

ಇಲ್ಲಿ ಅಜ್ಜಿಯರ ಮೇಲೆ ಮೂಢನಂಬಿಕೆಯ ಆರೋಪ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ, ಪಟ್ಟಣದ ಅನೇಕ ವೈದ್ಯರು ಮಾಡುವುದೂ ಅದನ್ನೇ. ನನಗೆ ಅದು ಒಪ್ಪಿಗೆಯಿಲ್ಲ. ಪಥ್ಯ ಹುಟ್ಟಿದ್ದು ಪ್ರೀತಿಯಿಂದ. ಹೆತ್ತ ಹೆಣ್ಣನ್ನು ಹೊಲಗದ್ದೆಯ ಕೆಲಸದಿಂದ ಬಿಡಿಸಿ ತಿಂಗಳುಗಟ್ಟಲೆ ಮಲಗಿಸಿ, ಬಿಸಿನೀರು ಹುಯ್ದು, ತುಪ್ಪ ಬಡಿಸುವ ಪದ್ಧತಿ ಎಷ್ಟು ಸಮಾಜಗಳಲ್ಲಿದೆ? ಆ ಅಜ್ಜಿಯ ಅಜ್ಜಿಯೂ ಇದೇ ಪಥ್ಯ ಮಾಡಿಸಿದ್ದಳು. ಆಗ ಅಕ್ಕಿ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ ಮಾತ್ರ ಸಿಗುವ ಅಪರೂಪದ ವಸ್ತು; ಅದೂ ಒನಕೆಯಲ್ಲಿ ಕುಟ್ಟಿದ್ದು. ಒನಕೆಯ ಪೆಟ್ಟಿಗೆ ಹೊಟ್ಟು ಹೋಗುತ್ತಿತ್ತು, ತೌಡಿನ ಒಂದು ಪದರ ಅಕ್ಕಿಗೆ ಅಂಟಿಕೊಂಡೇ ಉಳಿಯುತ್ತಿತ್ತು. ಬಸುರಿನಲ್ಲಿ ಅವಳು ಉಂಡದ್ದು ಮುದ್ದೆ, ರೊಟ್ಟಿ. ಪಥ್ಯ ಹಳೆಯದೇ ಇದೆ, ಅದರೊಳಗಿನ ಅಕ್ಕಿ ಬದಲಾಗಿದೆ. ಅದನ್ನು ಅಜ್ಜಿಗೆ ಯಾರೂ ಹೇಳಲಿಲ್ಲ.

ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ 1983ರಲ್ಲಿ ಕಿಲೋಗೆ ಎರಡು ರೂಪಾಯಿ ಅಕ್ಕಿ ಕೊಟ್ಟಿತು. ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಬಂತು. ಬರಗಾಲ ಬಿದ್ದರೆ ಗುಳೆ ಹೋಗುತ್ತಿದ್ದ ಸೀಮೆಗೆ ಈ ಅಕ್ಕಿ ಜೀವ ಉಳಿಸಿತು. ಅದರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ರಾಗಿ, ಜೋಳ ಉಣ್ಣುತ್ತಿದ್ದ ಮನೆಗಳಲ್ಲಿ ಮೂರು ಹೊತ್ತೂ ಬಿಳಿ ಅನ್ನ ಉಣ್ಣುವ ದಿನ ಬಂದಿದ್ದೂ ಹೀಗೆಯೇ. ಬಿಳಿ ಅನ್ನ ಅಂತಸ್ತಿನ ಗುರುತೂ ಆಯಿತು.

*

ಬೆರಿಬೆರಿಯ ಚರಿತ್ರೆಯಲ್ಲಿ ತೆಲುಗು ನಾಡಿಗೆ ಜಾಗವಿದೆ, ಕಥೆ ಶುರುವಾಗುವುದು ಮಾತ್ರ ದೂರದಲ್ಲಿ. ಜಾವಾದ ಬಟಾವಿಯಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ 1890ರ ಆಸುಪಾಸಿನಲ್ಲಿ ಸಾಕಿದ ಕೋಳಿಗಳು ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ ತಿಂದು ಕಾಲು ಬಿದ್ದುಹೋದವು. ಹೊಸ ಅಡಿಗೆಯವನು ಬಂದು ಸೈನಿಕರ ಅನ್ನ ಕೋಳಿಗಿಲ್ಲ ಎಂದು ನಿಲ್ಲಿಸಿದ, ಪಾಲಿಶ್ ಮಾಡದ ಅಕ್ಕಿ ತಿಂದ ಕೋಳಿಗಳು ಎದ್ದು ನಿಂತವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ತೆರೆದ ಸಣ್ಣ ಪ್ರಯೋಗಾಲಯದ ಹೆಸರೇ ‘ಬೆರಿಬೆರಿ ವಿಚಾರಣೆ’. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅವತ್ತಿನ ಮದ್ರಾಸ್ ಪ್ರಾಂತ್ಯದಲ್ಲಿ ಬೆರಿಬೆರಿ ಹೆಚ್ಚು ಕಂಡದ್ದು ಉತ್ತರ ಸರ್ಕಾರ್ ಎಂದು ಕರೆಯುತ್ತಿದ್ದ ಕರಾವಳಿ ಜಿಲ್ಲೆಗಳಲ್ಲಿ. ಅಲ್ಲಿಯವರು ಮಿಲ್ಲಿನ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದರು. ಕುಸುಬಲಕ್ಕಿ ಉಣ್ಣುವ ತಮಿಳರಿಗೂ ಮಲಯಾಳಿಗಳಿಗೂ ಅದು ಅಷ್ಟಾಗಿ ಬರಲಿಲ್ಲ, ಭತ್ತವನ್ನು ಬೇಯಿಸುವಾಗ ತೌಡಿನ ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಸಿರಿಧಾನ್ಯ ಉಣ್ಣುವ ನಮ್ಮ ಒಣಸೀಮೆಯ ಊಟದಲ್ಲಂತೂ ಬಿ1 ತುಂಬಿತ್ತು.

ಥಯಾಮಿನ್ನನ್ನು ಮೊದಲು ಪ್ರಯೋಗಾಲಯದಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನೆಲ್ಲೂರಿನಲ್ಲಿ, 1886ರಲ್ಲಿ, ಬ್ಯಾಪ್ಟಿಸ್ಟ್ ಮಿಷನರಿ ದಂಪತಿಯ ಮಗನಾಗಿ. ತರುಣ ರಸಾಯನಶಾಸ್ತ್ರಜ್ಞನಾಗಿ ಮನಿಲಾದಲ್ಲಿದ್ದಾಗ ಎಡ್ವರ್ಡ್ ವೆಡ್ಡರ್ ಎಂಬ ಸೇನಾ ವೈದ್ಯ ಅವರ ಕೈಗೆ ತೌಡಿನ ಸಾರ ಕೊಟ್ಟ. ದನಿ ಕಟ್ಟಿ, ಉಸಿರು ಸಿಕ್ಕಿ ಸಾಯುತ್ತಿದ್ದ ಕೂಸೊಂದರ ಬಾಯಿಗೆ ವಿಲಿಯಮ್ಸ್ ಅದನ್ನು ಹನಿ ಹನಿಯಾಗಿ ಬಿಟ್ಟರು. ಕೆಲವೇ ಗಂಟೆಗಳಲ್ಲಿ ಕೂಸು ಚೇತರಿಸಿತು. ಆ ತೌಡಿನಲ್ಲಿರುವುದೇನು ಎಂದು ಹುಡುಕುತ್ತ ಇಪ್ಪತ್ತೈದು ವರ್ಷ ಕಳೆದರು. 1936ರ ಹೊತ್ತಿಗೆ ಅದರ ರಚನೆ ಬಿಡಿಸಿ ಕೃತಕವಾಗಿ ತಯಾರಿಸಿದರು. ನೂರು ವರ್ಷದ ಹಿಂದೆ ಮನಿಲಾದಲ್ಲಿ ಕಂಡ ಕೂಸು, ಮೊನ್ನೆ ಬೆಂಗಳೂರಿನಲ್ಲಿ ಎಕೋ ಯಂತ್ರದ ಕೆಳಗೆ ಮಲಗಿದ ಕೂಸು, ಎರಡರ ಕಾಯಿಲೆಯೂ ಒಂದೇ, ಮದ್ದೂ ಒಂದೇ.

ಜಯದೇವದ ವೈದ್ಯರ ಲೇಖನ ಬಂದ ಪತ್ರಿಕೆಯಲ್ಲೇ 1933ರಲ್ಲಿ ಇನ್ನೊಂದು ಲೇಖನ ಬಂದಿತ್ತು. ಬರೆದವರು ಸಿಸಿಲಿ ವಿಲಿಯಮ್ಸ್, ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಮಕ್ಕಳ ವೈದ್ಯೆ. ಮೆಕ್ಕೆಜೋಳದ ಗಂಜಿ ಮಾತ್ರ ಕುಡಿದು ಮೈ ಊದಿಕೊಂಡು ಬರುತ್ತಿದ್ದ ಮಕ್ಕಳ ತಾಯಂದಿರನ್ನು ಅವರು ಕೇಳಿದ್ದು, ಇದಕ್ಕೆ ನೀವೇನೆನ್ನುತ್ತೀರಿ ಎಂದು. ತಾಯಂದಿರು ಹೇಳಿದ ಪದ ಕ್ವಾಶಿಯೋರ್ಕರ್: ಮುಂದಿನ ಮಗು ಬಂದಾಗ ಮೊಲೆಯಿಂದ ಇಳಿಸಿದ ಮಗುವಿನ ಕಾಯಿಲೆ. ಕಾರಣ ಆ ಹೆಸರಿನಲ್ಲೇ ಇತ್ತು. ಇವತ್ತು ಜಗತ್ತಿನ ಎಲ್ಲ ಪಠ್ಯಪುಸ್ತಕಗಳೂ ಆ ತಾಯಂದಿರ ಪದವನ್ನೇ ಬಳಸುತ್ತವೆ. ನಮ್ಮಲ್ಲಿ ಸೊರಗಿದ ಮಗುವಿಗೆ ಬಾಲಗ್ರಹ ಎನ್ನುತ್ತಾರೆ, ಎದೆ ಕಟ್ಟಿದರೆ ಪಕ್ಕೆ ಸೆಳೆತ ಎನ್ನುತ್ತಾರೆ. ದನಿಯಿಲ್ಲದೆ ಅಳುವ ಕೂಸಿಗೂ ಯಾವುದೋ ಹಟ್ಟಿಯಲ್ಲಿ ಒಂದು ಹೆಸರು ಇದ್ದರೆ ಆಶ್ಚರ್ಯವಿಲ್ಲ. ಕೇಳಿ ಬರೆದುಕೊಳ್ಳುವವರು ಬೇಕು.

*

ಅಂಥವರು ಸಿಗಬೇಕಾದದ್ದು ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗದಲ್ಲಿ. ಅಲ್ಲಿಯ ಕೆಲಸ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಬೆಳಗ್ಗೆ ಹೊರರೋಗಿಗಳ ಸಾಲು, ವಾರ್ಡ್ ರೌಂಡ್ಸ್, ಮಧ್ಯಾಹ್ನ ಪಾಠ, ಸಂಜೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಖಾಸಗಿ ನರ್ಸಿಂಗ್ ಹೋಮಿನ ದುಡ್ಡಿನ ಕಾಲು ಭಾಗವೂ ಇರದ ಸಂಬಳಕ್ಕೆ ಈ ಜೀವನ ಆರಿಸಿಕೊಂಡವರು ಇದ್ದಾರೆ. ಅವರಲ್ಲಿ ಕೆಲವರು ಮಾತ್ರ ಒಂದೇ ಬಗೆಯ ಮೂರನೇ ಕೂಸು ಬಂದಾಗ ನಿಂತು ನೋಡುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಯನ್ನು ಕರೆದು ಹಳೆಯ ಕೇಸ್ ಶೀಟ್ ತೆಗೆಸುತ್ತಾರೆ. ಯಾವ ಊರು, ಯಾವ ತಿಂಗಳು, ತಾಯಿ ತವರಲ್ಲಿದ್ದಳೋ ಗಂಡನ ಮನೆಯಲ್ಲೋ ಎಂದು ಬರೆಸುತ್ತಾರೆ. ಥಯಾಮಿನ್ ಮಟ್ಟ ಅಳೆಯುವ ಪರೀಕ್ಷೆ ಎಲ್ಲೆಡೆ ಸಿಗುವುದಿಲ್ಲ. ಆದ್ದರಿಂದ ಚುಚ್ಚುಮದ್ದಿಗೆ ಮಗು ಹೇಗೆ ಓಗೊಡುತ್ತದೆ ಎಂಬುದೇ ಎಷ್ಟೋ ಸಲ ಪುರಾವೆ. ಅದನ್ನು ಗಂಟೆ ಗಂಟೆಗೆ ಬರೆದಿಡಬೇಕು. ಸಂಶೋಧನೆ ಎಂದರೆ ಹೀಗೆ ಬರೆದಿಡುವ ತಾಳ್ಮೆ.

ಈ ದಾರಿ ಆರಿಸಿಕೊಂಡ ಮಕ್ಕಳ ವೈದ್ಯೆ, ದಾವಣಗೆರೆಯ ನಿರ್ಮಲಾ ಕೇಸರಿ ಅವರನ್ನು ಇಲ್ಲಿ ನೆನೆಯಬೇಕು. 1963ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪಾಲ್ ವುಲಿ ಜತೆ ಅವರು ಬರೆದ ಲೇಖನವೇ ಐದು ಎಕ್ಸ್ ವರ್ಣತಂತುಗಳಿರುವ ಹೆಣ್ಣುಮಗುವಿನ ಬಗ್ಗೆ ಜಗತ್ತಿನ ಮೊದಲ ವರದಿ. ವರ್ಣತಂತು ಎಣಿಸುವ ವಿದ್ಯೆ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ಅಲ್ಲೇ ಉಳಿದಿದ್ದರೆ ಅವರ ಹಾದಿಯೇ ಬೇರೆಯಾಗುತ್ತಿತ್ತು. ಅವರು ಊರ ಕಡೆ ಬಂದರು, ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ ಅವರ ಕಾರ್ಯಕ್ಷೇತ್ರವಾಯಿತು. ಡೆಟ್ರಾಯಿಟ್‌ನ ಸೂಕ್ಷ್ಮದರ್ಶಕದಿಂದ ದಾವಣಗೆರೆಯ ಮಕ್ಕಳ ವಾರ್ಡಿಗೆ ಬಂದ ಆ ನಡೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಕಾಲೇಜಿಗೂ ಹಳ್ಳಿಗೂ ನಡುವೆ ಸೇತುವೆ ಕಟ್ಟಲು ಸರ್ಕಾರವೂ ಒಮ್ಮೆ ಮನಸ್ಸು ಮಾಡಿತ್ತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಅಂಗನವಾಡಿ, ದೇಶದ 33 ಬ್ಲಾಕುಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ತಿ. ನರಸೀಪುರ. ಆಂಧ್ರದಲ್ಲಿ ಒಂದು ಇದೇ ಅನಂತಪುರ ಜಿಲ್ಲೆಯ ಕಂಬದೂರು. ರಾಯದುರ್ಗಕ್ಕೂ ಮಡಕಶಿರಾಕ್ಕೂ ನಡುವಿನ ನೆಲ ಅದು. ಆ ಯೋಜನೆಯ ಶುರುವಿನಲ್ಲಿ ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗದ, ಸಮುದಾಯ ವೈದ್ಯ ವಿಭಾಗದ ಪ್ರಾಧ್ಯಾಪಕರನ್ನೇ ಸಲಹೆಗಾರರನ್ನಾಗಿ ಮಾಡಿ ಹಳ್ಳಿಗೆ ಕಳಿಸುತ್ತಿದ್ದರು. ಪ್ರಾಧ್ಯಾಪಕರು ಜೀಪಿನಲ್ಲಿ ಹೋಗಿ, ಮಕ್ಕಳ ತೂಕ ನೋಡಿ, ಲಸಿಕೆ ಲೆಕ್ಕ ಹಾಕಿ ಬರುತ್ತಿದ್ದರು. ಈಗ ಅಂಗನವಾಡಿ ಊರೂರಿಗೂ ಇದೆ, ಪ್ರಾಧ್ಯಾಪಕರ ಜೀಪು ನಿಂತಿದೆ. ಇದು ನಷ್ಟ.

ತಾಯಿಯ ಊಟದ ಲೆಕ್ಕ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಮೈಸೂರಿನಲ್ಲಿ ಪುರಾವೆ ಇದೆ. ಜನರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಅವರಲ್ಲಿ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ, ಫಲಿತಾಂಶವನ್ನು 1996ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡೂವರೆ ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗ. ಮೂರು ಕಿಲೋ ಮೀರಿ ಮೈತುಂಬಿ ಹುಟ್ಟಿದವರಲ್ಲಿ ಶೇ 3. ಯಾರೋ ನರ್ಸಮ್ಮ ಎಂದೋ ಅಚ್ಚುಕಟ್ಟಾಗಿ ಬರೆದ ಒಂದು ಸಾಲು ಅರವತ್ತು ವರ್ಷದ ಮೇಲೆ ವಿಜ್ಞಾನವಾಯಿತು.

*

ಮತ್ತೆ ಗಡಿಗೆ ಬರುವ ಮೊದಲು ಮನೆಭೇಟಿಯ ಒಂದು ಮಾತು. ಮನೆಗೆ ಹೋಗಿ ಕೂಸು ನೋಡುವ ಪದ್ಧತಿ ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಮಹಾರಾಷ್ಟ್ರದ ಗಡಚಿರೋಲಿಯಿಂದ. ಅಭಯ್ ಬಂಗ್, ರಾಣಿ ಬಂಗ್ ಮತ್ತು ಸಂಗಡಿಗರು 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಶೇ 62ರಷ್ಟು ಇಳಿಸಿದ್ದು 1999ರಲ್ಲಿ ಪ್ರಕಟವಾಯಿತು. ಆ ಕೆಲಸದ ಬೆನ್ನಲ್ಲೇ ಆಶಾ ಕಾರ್ಯಕರ್ತೆಯರ ಮನೆಭೇಟಿ ಬಂತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರುತ್ತಾಳೆ. ಆಮೇಲಿನ ಭೇಟಿ ಮಗುವಿಗೆ ಮೂರು ತಿಂಗಳು ತುಂಬಿದಾಗ.

ಈ ಲೆಕ್ಕವನ್ನು ಬೆರಿಬೆರಿಯ ಲೆಕ್ಕದ ಪಕ್ಕ ಇಟ್ಟು ನೋಡಿ. ನಲವತ್ತೆರಡನೇ ದಿನಕ್ಕೆ ಕೂಸು ದುಂಡಗಿರುತ್ತದೆ, ಆಶಾ ತೂಕ ನೋಡಿ ಸಂತೋಷಪಟ್ಟು ಹೋಗುತ್ತಾಳೆ. ಮುಂದಿನ ಐವತ್ತು ದಿನ ನಿಗದಿಯಾದ ಮನೆಭೇಟಿ ಇಲ್ಲ. ತಾಯಿಯ ಹಾಲಿನಲ್ಲಿ ಬಿ1 ತಳ ಕಾಣುವುದು, ಕೂಸಿನ ಹೃದಯ ಸೋಲುವುದು ಬಹಳ ಮಟ್ಟಿಗೆ ಇದೇ ಹೊತ್ತಿನಲ್ಲಿ.

ಗಡಿಯಲ್ಲಿ ಇದಕ್ಕೆ ಇನ್ನೊಂದು ತೊಡಕು. ರಾಯದುರ್ಗಕ್ಕೆ ಕೊಟ್ಟ ಹುಡುಗಿಯ ತವರು ಮೊಳಕಾಲ್ಮೂರು. ಮಡಕಶಿರಾಕ್ಕೆ ಸೊಸೆಯಾಗಿ ಬಂದವಳ ತವರು ಶಿರಾ. ಬಸುರಿನಲ್ಲಿ ಹೆಸರು ಬರೆಸಿದ್ದು ಆಂಧ್ರದಲ್ಲಿ, ಹೆರಿಗೆಗೆ ಹೋದದ್ದು ಕರ್ನಾಟಕದ ತವರಿಗೆ, ಐದನೇ ತಿಂಗಳಲ್ಲಿ ತೊಟ್ಟಿಲ ಸಮೇತ ವಾಪಸು ಆಂಧ್ರಕ್ಕೆ. ತಾಯಿ ಕಾರ್ಡ್ ಒಂದು ಕಡೆ ತೆಲುಗಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ. ಈ ಆಶಾಳ ಪಟ್ಟಿಯಲ್ಲಿ ಅವಳು ಊರಲ್ಲಿಲ್ಲ, ಆ ಆಶಾಳ ಪಟ್ಟಿಯಲ್ಲಿ ಹೊರಗಿನವಳು. ಕೂಸಿಗೆ ಏನಾದರೂ ಆದರೆ ಅದು ಯಾವ ರಾಜ್ಯದ ಅಂಕಿಅಂಶಕ್ಕೂ ಸರಿಯಾಗಿ ಸೇರುವುದಿಲ್ಲ. ನಮ್ಮ ಮನೆತನದಲ್ಲೇ ಹೀಗೆ ಎರಡು ಪಟ್ಟಿಗಳ ನಡುವೆ ಬಿದ್ದ ಬಾಣಂತಿಯನ್ನು ಕಂಡಿದ್ದೇನೆ. ಲಸಿಕೆಗಾಗಿ ಅವಳು ಮೂರು ಸಲ ಬಸ್ಸು ಹತ್ತಬೇಕಾಯಿತು.

ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರಿಂದ ಇದೆ. ಆಂಧ್ರದ ಕಡೆ, 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಕಟ್ಟಿದ ಗ್ರಾಮೀಣ ಅಭಿವೃದ್ಧಿ ಟ್ರಸ್ಟಿನ ಬತ್ತಲಪಲ್ಲಿ ಆಸ್ಪತ್ರೆ ಇದೆ. ಎರಡೂ ಕಡೆ ಮಕ್ಕಳ ವೈದ್ಯರಿದ್ದಾರೆ. ಅವರು ವರ್ಷಕ್ಕೆರಡು ಸಲ ಒಂದೇ ಕೋಣೆಯಲ್ಲಿ ಕುಳಿತು, ದನಿ ಕಟ್ಟಿದ, ಏದುಸಿರಿನ ಎಳೆಕೂಸುಗಳ ಪಟ್ಟಿಯನ್ನು ಒಂದೇ ಪುಸ್ತಕದಲ್ಲಿ ಬರೆದರೆ, ಈ ಸೀಮೆಯಲ್ಲಿ ಬೆರಿಬೆರಿ ಎಷ್ಟಿದೆ ಎಂಬುದು ಎರಡು ವರ್ಷದಲ್ಲಿ ಗೊತ್ತಾಗುತ್ತದೆ. ತಾಯಂದಿರಿಗೆ ಕೇಳುವ ಪ್ರಶ್ನಾವಳಿ ಕನ್ನಡ ತೆಲುಗು ಎರಡರಲ್ಲೂ ಇರಲಿ. ‘ಆಹಾರದಲ್ಲಿ ನಿರ್ಬಂಧಗಳಿವೆಯೇ’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಪಥ್ಯ ಮಾಡ್ತೀರಾ? ಏನೇನು ನಂಜು?’ ಎಂದು ಕೇಳಿದರೆ ಹಾಳೆ ತುಂಬುತ್ತದೆ.

ಪಡಿತರ ಅಕ್ಕಿಗೆ ಸತ್ವ ಬೆರೆಸುವ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2021ರಲ್ಲಿ ಘೋಷಿಸಿತು. ಅದರಲ್ಲಿ ಕಡ್ಡಾಯ ಇರುವುದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಮಿಲ್ಲು ಅಕ್ಕಿಯಿಂದ ಉಜ್ಜಿ ತೆಗೆಯುವ ಬಿ1, ಬೇಕಾದರೆ ಸೇರಿಸಬಹುದು ಎಂಬ ಐಚ್ಛಿಕ ಪಟ್ಟಿಯಲ್ಲಿದೆ. ಇದು ನನಗೆ ಅರ್ಥವಾಗದ ವಿಚಾರ. ಬಾಣಂತಿಗೆ ಆರು ತಿಂಗಳು ಕಬ್ಬಿಣದ ಮಾತ್ರೆ ಕೊಡುತ್ತೇವೆ, ಸುಣ್ಣದ ಮಾತ್ರೆ ಕೊಡುತ್ತೇವೆ. ಬೆಳ್ಳನೆಯ ಅಕ್ಕಿ ಉಣ್ಣುವ ಸೀಮೆಯಲ್ಲಿ ಅದೇ ಪೊಟ್ಟಣದಲ್ಲಿ ಬಿ1 ಇಟ್ಟರೆ ಖರ್ಚು ಲೆಕ್ಕಕ್ಕೆ ಬಾರದಷ್ಟು. ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಇದನ್ನು ಪರಿಶೀಲಿಸಬೇಕು.

ಹಾಗೆಂದು ಒಂದೇ ಧಾನ್ಯವನ್ನು ದೇವರು ಮಾಡುವುದೂ ಬೇಡ. ಜೋಳವನ್ನೇ ನೆಚ್ಚಿಕೊಂಡ ದಖ್ಖನಿನ ಬಡವರಲ್ಲಿ ಪೆಲಾಗ್ರಾ ಎಂಬ ಇನ್ನೊಂದು ಕೊರತೆಯ ಕಾಯಿಲೆ ಬರುವುದನ್ನು ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲೇ ತೋರಿಸಿದ್ದರು. ತಟ್ಟೆಯಲ್ಲಿ ನಾಲ್ಕು ಬಗೆ ಇರಬೇಕು, ಅಷ್ಟೇ.

ಈ ಪುಟ ಓದುತ್ತಿರುವ ಮನೆಗಳಲ್ಲಿ ಎಲ್ಲೋ ಒಂದು ಬಾಣಂತಿ ಕೋಣೆ ಇದ್ದೇ ಇರುತ್ತದೆ. ಎರಡು ಮೂರು ತಿಂಗಳ ಕೂಸಿಗೆ ದನಿ ಕಟ್ಟಿದರೆ, ಏದುಸಿರು ಬಂದರೆ, ಹಾಲು ಬಿಟ್ಟರೆ ಬಜೆ ತೇಯುತ್ತ, ಬರೆ ಹಾಕಿಸುತ್ತ ಹೊತ್ತು ಕಳೆಯಬೇಡಿ; ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಅವತ್ತೇ ಒಯ್ಯಿರಿ. ಅವರು ಕೇಳದಿದ್ದರೂ, ತಾಯಿ ಇಷ್ಟು ದಿನ ಏನು ಉಂಡಳು ಎಂದು ನೀವಾಗಿಯೇ ಹೇಳಿ. ಅಷ್ಟು ದೂರ ಹೋಗದಂತೆ ಮಾಡಬೇಕಾದರೆ ಇವತ್ತು ಮಧ್ಯಾಹ್ನ ಅವಳ ತಟ್ಟೆ ನೋಡಿ. ಬೆಳ್ಳುಳ್ಳಿ ಇರಲಿ, ತುಪ್ಪ ಇರಲಿ, ಬಿಸಿನೀರೂ ಇರಲಿ. ಅದರ ಜತೆಗೆ ಒಂದು ಮೆತ್ತನೆಯ ಮುದ್ದೆ, ಬೇಳೆ ಸೊಪ್ಪಿನ ಸಾರು, ಒಂದು ಹಿಡಿ ಬೇಯಿಸಿದ ಕಡ್ಲೆಕಾಯಿ ಇಡಿ.